ಪುಸ್ತಕ.ಲೋಕಲ್: ಶಾಲೆಯ ನೆಟ್‌ವರ್ಕ್‌ನಲ್ಲಿ ಅವಾಹಿ ಹೊಂದಿಸುವುದು ಹೇಗೆ

ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯ ಗೋಡೆಗೆ ನಾನೇ ಒಂದು ಚೀಟಿ ಅಂಟಿಸಿದ್ದೆ: "ವಿಕಿಪೀಡಿಯ ನೋಡಲು 192.168.1.37:8080." ಮೂಲೆಯ ಮೇಜಿನ ಮೇಲೆ ಒಂದು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ, ಅದರೊಳಗೆ ಕಿವಿಕ್ಸ್ ಸರ್ವರ್, ಅದರಲ್ಲಿ ಇಡೀ ಕನ್ನಡ ವಿಕಿಪೀಡಿಯ. ಮಳೆಗಾಲದಲ್ಲಿ ವಾರಗಟ್ಟಲೆ ಇಂಟರ್ನೆಟ್ ಇಲ್ಲದಿದ್ದರೂ ಮಕ್ಕಳ ಓದು ನಿಲ್ಲಬಾರದು ಅಂತ ಮಾಡಿದ್ದು. ಮೂರನೇ ವಾರಕ್ಕೆ ಮೇಷ್ಟ್ರು ಫೋನ್ ಮಾಡಿದರು. "ಸಾರ್, ಚೀಟೀಲಿರೋ ನಂಬರ್ ಹೊಡೆದ್ರೆ ಏನೂ ಬರ್ತಿಲ್ಲ. ಪೈ ಮೇಲೆ ಲೈಟ್ ಮಾತ್ರ ಉರೀತಿದೆ."

ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದಿತ್ತು, ರೂಟರ್ ಮತ್ತೆ ಎದ್ದಾಗ ಪೈಗೆ ಬೇರೆ ಸಂಖ್ಯೆ ಕೊಟ್ಟಿತ್ತು. ಚೀಟಿಯಲ್ಲಿದ್ದ ಸಂಖ್ಯೆ ಈಗ ಯಾರೋ ಹುಡುಗನ ಲ್ಯಾಪ್‌ಟಾಪಿನದು.

ರೂಟರಿನಲ್ಲೇ ಪೈಗೊಂದು ಸಂಖ್ಯೆ ಕಾಯ್ದಿರಿಸಬಹುದಿತ್ತು, ನಿಜ. ಆದರೆ ಆ ರೂಟರಿನ ಪಾಸ್‌ವರ್ಡ್ ಶಾಲೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನಾಳೆ ಸಿಡಿಲು ಬಡಿದು ರೂಟರ್ ಬದಲಾದರೆ ಮತ್ತೆ ಮೊದಲಿನಿಂದ ಶುರು. ನನಗೆ ಬೇಕಾಗಿದ್ದು ಬೇರೆ: ಪೈ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಬೇಕು. ರೂಟರ್ ಯಾವುದೇ ಇರಲಿ, ಇಂಟರ್ನೆಟ್ ಇರಲಿ ಬಿಡಲಿ, ನಾನು ಊರಲ್ಲಿರಲಿ ಇಲ್ಲದಿರಲಿ, ಮಕ್ಕಳು ಹೆಸರು ಟೈಪ್ ಮಾಡಿದರೆ ಪುಟ ತೆರೆಯಬೇಕು. ಆ ಕೆಲಸವನ್ನು ಮಾಡುವುದು ಅವಾಹಿ ಎಂಬ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಮ್.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು. ಅವಾಹಿಯ ಸ್ಪೆಲಿಂಗ್ ಎ, ವಿ, ಎ, ಎಚ್, ಐ. ಮಡಗಾಸ್ಕರ್ ದ್ವೀಪದ ಒಂದು ಜಾತಿಯ ಲೀಮರ್‌ಗೆ ಅಲ್ಲಿನ ಜನ ಕರೆಯುವ ಹೆಸರು ಅದು.

ಒಳಗೆ ನಡೆಯುವುದೇನು

ಇದನ್ನು ಬಿಟ್ಟು ನೇರ ಕಮಾಂಡ್‌ಗೆ ಹೋಗಬೇಡಿ. ಮುಂದೆ ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಲು ಬೇಕಾಗುವುದು ಇದೇ.

ಮಾಮೂಲಿ ಡಿಎನ್‌ಎಸ್‌ನಲ್ಲಿ ಹಾಜರಿ ಪುಸ್ತಕ ಒಬ್ಬರ ಕೈಯಲ್ಲಿರುತ್ತದೆ. ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ಆ ಸರ್ವರನ್ನೇ ಕೇಳಬೇಕು. ಮಲ್ಟಿಕಾಸ್ಟ್ ಡಿಎನ್‌ಎಸ್‌ನಲ್ಲಿ (ಎಂಡಿಎನ್‌ಎಸ್) ಪುಸ್ತಕವೇ ಇಲ್ಲ. ತರಗತಿಯ ಬಾಗಿಲಲ್ಲಿ ನಿಂತು "ಪುಸ್ತಕ ಅನ್ನೋರು ಯಾರಪ್ಪಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗುವುದು, ಆ ಹೆಸರಿನವರು "ನಾನಿಲ್ಲಿದ್ದೀನಿ" ಎನ್ನುವುದು, ಅಷ್ಟೇ. ಈ ಕೂಗು ಹೋಗುವುದು 224.0.0.251 ಎಂಬ ಗುಂಪು ವಿಳಾಸಕ್ಕೆ, ಯುಡಿಪಿಯ 5353ನೇ ಪೋರ್ಟ್‌ಗೆ. ಕೂಗು ಆ ಕೊಠಡಿ ದಾಟುವುದಿಲ್ಲ. ರೂಟರ್ ಇದನ್ನು ಇನ್ನೊಂದು ನೆಟ್‌ವರ್ಕ್‌ಗೆ ದಾಟಿಸುವುದಿಲ್ಲ. ಹೀಗೆ ಹುಡುಕುವ ಹೆಸರುಗಳೆಲ್ಲ ".ಲೋಕಲ್" ಎಂದು ಮುಗಿಯುತ್ತವೆ.

ಇದರ ಜೊತೆಗೇ ಬರುವ ಇನ್ನೊಂದು ಭಾಗ ಸೇವೆಗಳ ಹುಡುಕಾಟ: "ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?" ಎಂದು ಹೆಸರು ಗೊತ್ತಿಲ್ಲದೆಯೇ ಕೇಳುವುದು. ಆಪಲ್ ಕಂಪನಿ 2002ರಲ್ಲಿ ರಾಂದೆವೂ ಎಂಬ ಹೆಸರಲ್ಲಿ ಇದನ್ನು ತನ್ನ ಕಂಪ್ಯೂಟರ್‌ಗಳಿಗೆ ತಂದಿತು, 2005ರಲ್ಲಿ ಬಾನ್‌ಜೂರ್ ಎಂದು ಹೆಸರು ಬದಲಿಸಿತು. ಅಲ್ಲಿನ ಎಂಜಿನಿಯರ್ ಸ್ಟುವರ್ಟ್ ಚೆಶೈರ್ ಇದರ ಹಿಂದಿನ ಮುಖ್ಯ ವ್ಯಕ್ತಿ. 2013ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 6762 ಮತ್ತು 6763 ಎಂಬ ಎರಡು ದಾಖಲೆಗಳಾಗಿ ಇದು ಎಲ್ಲರಿಗೂ ತೆರೆದ ಮಾನಕವಾಯಿತು. ಲಿನಕ್ಸ್‌ಗೆ ಇದನ್ನು ಅವಾಹಿಯಾಗಿ ಬರೆದವರು ಟ್ರೆಂಟ್ ಲಾಯ್ಡ್ ಮತ್ತು ಲೆನಾರ್ಟ್ ಪೊಟರಿಂಗ್. ಮೂಲ ಒಂದೇ ಆದ್ದರಿಂದ ಪೈ, ಐಫೋನ್, ವಿಂಡೋಸ್ 10 ಎಲ್ಲವೂ ಒಂದರ ಕೂಗಿಗೆ ಇನ್ನೊಂದು ಓಗೊಡುತ್ತವೆ.

ಹೆಸರು ಇಡುವುದು

ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಅವಾಹಿ ಮೊದಲೇ ಇರುತ್ತದೆ. ಬೇರೆ ಡೆಬಿಯನ್ ಅಥವಾ ಉಬುಂಟು ಯಂತ್ರವಾದರೆ ಹೀಗೆ ಹಾಕಿಕೊಳ್ಳಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಅವಾಹಿ-ಡೀಮನ್ ಅವಾಹಿ-ಯುಟಿಲ್ಸ್ ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್

ಮೊದಲನೆಯದು ಡೀಮನ್. ಎರಡನೆಯದರಲ್ಲಿ ಪರೀಕ್ಷೆಗೆ ಬೇಕಾದ ಉಪಕರಣಗಳಿವೆ. ಮೂರನೆಯದರ ಕೆಲಸ ಮುಂದೆ ಹೇಳುತ್ತೇನೆ, ಅದನ್ನು ಮಾತ್ರ ಬಿಡಬೇಡಿ.

ಈಗ ಹೆಸರು. ಇದಕ್ಕೆ ಐದು ನಿಮಿಷ ಯೋಚನೆ ಕೊಡಿ. ನಾನು ಮೊದಲು "ಗ್ರಂಥಾಲಯ" ಎಂದು ಇಟ್ಟಿದ್ದೆ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬ ಟಿ ಮಾತ್ರ ಹಾಕಿ ಬರೆದ, ಇನ್ನೊಬ್ಬಳು ಟಿ ಪಕ್ಕ ಎಚ್ ಹಾಕಿದಳು, ಮತ್ತೊಬ್ಬ ಎರಡು ಎ ಹಾಕಿದ. ಮೂವರಲ್ಲಿ ಇಬ್ಬರಿಗೆ ಪುಟ ತೆರೆಯಲಿಲ್ಲ. ಮಹಾಪ್ರಾಣ, ದೀರ್ಘ, ಳಕಾರ, ಣಕಾರ ಇಲ್ಲದ ಕನ್ನಡ ಪದ ಆರಿಸಿ. ಎಲ್ಲರೂ ಒಂದೇ ರೀತಿ ಬರೆಯುವಂಥದ್ದು. "ಪುಸ್ತಕ" ಎಂದು ಬದಲಿಸಿದೆ, ತಕರಾರೇ ಬರಲಿಲ್ಲ.

ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ಪುಸ್ತಕ

ಇದಾದ ಮೇಲೆ /ಇಟಿಸಿ/ಹೋಸ್ಟ್ಸ್ ಫೈಲ್ ತೆರೆದು 127.0.1.1 ಎಂದಿರುವ ಸಾಲಿನಲ್ಲಿ ಹಳೆಯ ಹೆಸರಿದ್ದ ಕಡೆ ಹೊಸದನ್ನು ಬರೆಯಿರಿ. ಮರೆತರೆ ಪ್ರತಿ ಸುಡೊ ಕಮಾಂಡ್‌ಗೂ ಈ ಹೋಸ್ಟ್ ಸಿಗುತ್ತಿಲ್ಲ ಎಂಬ ದೂರು ಬರುತ್ತದೆ.

ಒಂದೇ ಎಸ್‌ಡಿ ಕಾರ್ಡಿನಿಂದ ನಕಲು ಮಾಡಿದ ಹಲವು ಪೈಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಹೆಸರು ಇಡುವುದು ಕಡ್ಡಾಯ ಎಂದೇ ತಿಳಿಯಿರಿ. ಅವಾಹಿ ಹೆಸರು ಹಿಡಿಯುವ ಮೊದಲು 250 ಮಿಲಿಸೆಕೆಂಡ್ ಅಂತರದಲ್ಲಿ ಮೂರು ಸಲ "ಈ ಹೆಸರು ಯಾರದ್ದಾದರೂ ಇದೆಯಾ?" ಎಂದು ಕೇಳುತ್ತದೆ. ಇದೆ ಎಂಬ ಉತ್ತರ ಬಂದರೆ ತನ್ನ ಹೆಸರಿನ ಕೊನೆಗೆ -2 ಸೇರಿಸಿಕೊಳ್ಳುತ್ತದೆ. ಯಾವ ಪೈ ಮೊದಲು ಎದ್ದಿತೋ ಅದು ಪುಸ್ತಕ, ತಡವಾಗಿ ಎದ್ದದ್ದು ಪುಸ್ತಕ-2. ಕರೆಂಟ್ ಹೋಗಿ ಬಂದಾಗಲೆಲ್ಲ ಇವು ಅದಲು ಬದಲಾಗುತ್ತವೆ.

ಕಾನ್ಫಿಗರೇಶನ್ ಫೈಲ್

ಫೈಲ್ ಇರುವ ಜಾಗ /ಇಟಿಸಿ/ಅವಾಹಿ/ಅವಾಹಿ-ಡೀಮನ್.ಕಾನ್ಫ್. ಮೊದಲು ಒಂದು ಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಸುಡೊ ನ್ಯಾನೊದಲ್ಲಿ ತೆರೆಯಿರಿ. ಚೌಕ ಆವರಣದೊಳಗೆ ಸರ್ವರ್, ವೈಡ್-ಏರಿಯಾ, ಪಬ್ಲಿಶ್, ರಿಫ್ಲೆಕ್ಟರ್, ಆರ್‌ಲಿಮಿಟ್ಸ್ ಎಂಬ ಐದು ಭಾಗಗಳು ಕಾಣುತ್ತವೆ. ಹೆಚ್ಚಿನ ಸಾಲುಗಳ ಮುಂದೆ # ಇರುತ್ತದೆ. # ತೆಗೆದರೆ ಆ ಸಾಲು ಜಾರಿಗೆ ಬರುತ್ತದೆ. ಇಷ್ಟೊಂದು ಸಾಲು ನೋಡಿ ಎಲ್ಲವನ್ನೂ ತುಂಬಲು ಹೋಗಬೇಡಿ. ನಾನು ಮುಟ್ಟುವುದು ಮೂರೇ ಸಾಲು.

ಸರ್ವರ್ ಭಾಗದಲ್ಲಿ:

ಅಲೌ-ಇಂಟರ್‌ಫೇಸಸ್=ಇಟಿಎಚ್0

ಪೈ ಕೇಬಲ್‌ನಲ್ಲಿ ರೂಟರಿಗೆ ಸೇರಿದ್ದರೆ ಹೀಗೆ, ವೈಫೈಯಲ್ಲಿದ್ದರೆ ಡಬ್ಲ್ಯುಲ್ಯಾನ್0. ನಿಮ್ಮ ಯಂತ್ರದಲ್ಲಿ ಏನೆಂದು ಕರೆಯುತ್ತಾರೋ ಅದನ್ನು "ಐಪಿ -ಬಿಆರ್ ಲಿಂಕ್" ಎಂಬ ಕಮಾಂಡ್ ತೋರಿಸುತ್ತದೆ. ಈ ಸಾಲು ಬರೆಯದಿದ್ದರೆ ಅವಾಹಿ ಇರುವ ದಾರಿಗಳಲ್ಲೆಲ್ಲ ಕೂಗುತ್ತದೆ. ಅದರಿಂದ ಎರಡು ತೊಂದರೆ. ಪೈ ಕೇಬಲ್‌ನಲ್ಲೂ ವೈಫೈಯಲ್ಲೂ ಒಂದೇ ನೆಟ್‌ವರ್ಕ್‌ಗೆ ಸೇರಿದ್ದರೆ ತನ್ನದೇ ಕೂಗು ಇನ್ನೊಂದು ಕಿವಿಗೆ ಬಿದ್ದು, ಬೇರೆ ಯಾರೋ ಅಂದುಕೊಂಡು -2 ಆಗಬಹುದು. ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿಟ್ಟು ಓಡಿಸುವ ಸಾಧನ) ಹಾಕಿದ್ದರೆ ಅದು ಹುಟ್ಟಿಸುವ ಡಾಕರ್0 ಮುಂತಾದ ದಾರಿಗಳ ವಿಳಾಸವನ್ನೂ ಅವಾಹಿ ಸಾರುತ್ತದೆ. ಹೊರಗಿನವರಿಗೆ ಆ ವಿಳಾಸ ತಲುಪುವುದಿಲ್ಲ, ಪುಟ ಒಮ್ಮೆ ತೆರೆಯುತ್ತದೆ ಒಮ್ಮೆ ಇಲ್ಲ. ಇಂಥ ಬಂದು ಹೋಗುವ ದೋಷ ಹುಡುಕುವುದು ಬಲು ಕಷ್ಟ. ಮೊದಲೇ ಮುಚ್ಚಿಬಿಡಿ.

ಪಬ್ಲಿಶ್ ಭಾಗದಲ್ಲಿ:

ಪಬ್ಲಿಶ್-ಎಚ್‌ಇನ್ಫೊ=ನೊ
ಪಬ್ಲಿಶ್-ವರ್ಕ್‌ಸ್ಟೇಷನ್=ನೊ

ಮೊದಲನೆಯದು ಯಂತ್ರದ ಪ್ರೊಸೆಸರ್ ಯಾವುದು, ಓಎಸ್ ಯಾವುದು ಎಂಬುದನ್ನು ಸಾರುವ ಸಾಲು. ಅದು ಯಾರಿಗೂ ಬೇಕಿಲ್ಲ. ಎರಡನೆಯದು ಪ್ರತಿ ಕಂಪ್ಯೂಟರನ್ನೂ ಅದರ ಹಾರ್ಡ್‌ವೇರ್ ವಿಳಾಸದ ಸಮೇತ ಪಟ್ಟಿಯಲ್ಲಿ ತೋರಿಸುವಂಥದ್ದು. ಅನೇಕ ಕಡೆ ಇವೆರಡೂ ಮೊದಲೇ "ನೊ" ಆಗಿರುತ್ತವೆ, ಆದರೂ ಕಣ್ಣಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಇನ್ನುಳಿದವು ಇದ್ದ ಹಾಗೇ ಇರಲಿ. ಈ ಫೈಲ್ ಬದಲಿಸಿದ ಮೇಲೆ ಡೀಮನ್ನನ್ನು ಮತ್ತೆ ಶುರು ಮಾಡಲೇಬೇಕು:

ಸುಡೊ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಅವಾಹಿ-ಡೀಮನ್

ಕೇಳುವ ಕಂಪ್ಯೂಟರಿನ ಕಡೆ

ಪೈ ಹೆಸರು ಹೇಳುತ್ತಿದೆ. ಕೊಠಡಿಯ ಉಬುಂಟು ಕಂಪ್ಯೂಟರ್‌ಗಳು ಅದನ್ನು ಕೇಳಿಸಿಕೊಳ್ಳುವುದು ಹೇಗೆ? ಬ್ರೌಸರಿನಲ್ಲಿ ಹೆಸರು ಹೊಡೆದಾಗ ಅದರ ಸಂಖ್ಯೆಯನ್ನು ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದು /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಎಂಬ ಫೈಲಿನಲ್ಲಿರುತ್ತದೆ. ಮೇಲೆ ಹೇಳಿದ ಮೂರನೇ ಪ್ಯಾಕೇಜ್ ಹಾಕಿದರೆ ಅದರ ಹೋಸ್ಟ್ಸ್ ಸಾಲು ತಾನಾಗಿ ಹೀಗಾಗುತ್ತದೆ:

ಹೋಸ್ಟ್ಸ್: ಫೈಲ್ಸ್ ಎಂಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್] ಡಿಎನ್‌ಎಸ್

ಆಗಿರದಿದ್ದರೆ ಕೈಯಿಂದ ಬರೆಯಿರಿ. ನಾಟ್‌ಫೌಂಡ್ ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ. ಕ್ರಮ ಮುಖ್ಯ: ಎಂಡಿಎನ್‌ಎಸ್ ಮೊದಲು, ಡಿಎನ್‌ಎಸ್ ಆಮೇಲೆ. ನಡುವಿನ ಚೌಕ ಆವರಣದ ಅರ್ಥ, ಲೋಕಲ್ ಹೆಸರು ಇಲ್ಲಿ ಸಿಗದಿದ್ದರೆ ಅಲ್ಲಿಗೇ ಬಿಡು, ಹೊರಗಿನ ಡಿಎನ್‌ಎಸ್‌ಗೆ ಹೋಗಬೇಡ ಎಂದು. ಇಂಟರ್ನೆಟ್ ಇಲ್ಲದ ದಿನ ಇದರ ಬೆಲೆ ಗೊತ್ತಾಗುತ್ತದೆ. ಇದಿಲ್ಲದಿದ್ದರೆ ಒಂದು ಅಕ್ಷರ ತಪ್ಪು ಹೊಡೆದ ಮಗು, ಎಲ್ಲೂ ಇಲ್ಲದ ಸರ್ವರಿನ ಉತ್ತರಕ್ಕೆ ಕಾಯುತ್ತಾ ಕೂರಬೇಕು.

ಪರೀಕ್ಷೆ ಎರಡು ಹಂತದ್ದು. ಮೊದಲು:

ಅವಾಹಿ-ರಿಸಾಲ್ವ್ -ಎನ್ ಪುಸ್ತಕ.ಲೋಕಲ್

ಸಂಖ್ಯೆ ಬಂದರೆ ಕೂಗು, ಉತ್ತರ ಎರಡೂ ಸರಿಯಿವೆ. ಆಮೇಲೆ:

ಗೆಟ್‌ಎಂಟ್ ಹೋಸ್ಟ್ಸ್ ಪುಸ್ತಕ.ಲೋಕಲ್

ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ ತಪ್ಪಿರುವುದು ಎನ್‌ಎಸ್‌ಸ್ವಿಚ್ ಸಾಲಿನಲ್ಲಿ. ಎರಡಕ್ಕೂ ಬರದಿದ್ದರೆ ನೆಟ್‌ವರ್ಕ್‌ನಲ್ಲಿ ಅಥವಾ ಫೈರ್‌ವಾಲ್‌ನಲ್ಲಿ. ಡಿಗ್ ಮತ್ತು ಎನ್‌ಎಸ್‌ಲುಕಪ್‌ನಿಂದ ಇದನ್ನು ಪರೀಕ್ಷಿಸಬೇಡಿ. ಅವು ನೇರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತವೆ, ಎಲ್ಲ ಸರಿಯಿದ್ದಾಗಲೂ "ಅಂಥ ಹೆಸರಿಲ್ಲ" ಎನ್ನುತ್ತವೆ.

ಬ್ರೌಸರಿನಲ್ಲಿ ಬರೀ ಹೆಸರು ಹೊಡೆದರೆ ಅದನ್ನು ಗೂಗಲ್‌ನಲ್ಲಿ ಹುಡುಕಲು ಹೊರಡುವುದುಂಟು. ಮೊದಲ ಸಲ ಎಚ್‌ಟಿಟಿಪಿ://ಪುಸ್ತಕ.ಲೋಕಲ್:8080 ಎಂದು ಪೂರ್ತಿ ಹೊಡೆಸಿ, ಬುಕ್‌ಮಾರ್ಕ್ ಮಾಡಿಸಿಬಿಡಿ. ಹಳೆಯ ಆಂಡ್ರಾಯ್ಡ್ ಫೋನ್‌ಗಳ ಬ್ರೌಸರಿಗೆ ಲೋಕಲ್ ಹೆಸರು ಅರ್ಥವಾಗುವುದಿಲ್ಲ, ಅಲ್ಲಿ ಸಂಖ್ಯೆಯೇ ಗತಿ. ಆ ದಿನದ ಸಂಖ್ಯೆಯನ್ನು ಮೇಷ್ಟ್ರು ಅವಾಹಿ-ರಿಸಾಲ್ವ್‌ನಿಂದ ತಿಳಿದು ಬೋರ್ಡಿನ ಮೇಲೆ ಬರೆಯಬಹುದು.

ಫೈರ್‌ವಾಲ್ ಇದ್ದರೆ 5353/ಯುಡಿಪಿ ತೆರೆಯಬೇಕು. ಉಬುಂಟುವಿನಲ್ಲಿ "ಸುಡೊ ಯುಎಫ್‌ಡಬ್ಲ್ಯು ಅಲೌ 5353/ಯುಡಿಪಿ". ಫೆಡೋರಾದಲ್ಲಿ "ಸುಡೊ ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆಡ್-ಸರ್ವಿಸ್=ಎಂಡಿಎನ್‌ಎಸ್", ಹಿಂದೆಯೇ "--ರಿಲೋಡ್". ಕಿವಿಕ್ಸ್‌ನ 8080ನ್ನೂ ಪೈಯಲ್ಲಿ ತೆರೆಯಬೇಕು. ಹೆಸರು ಸಿಕ್ಕಿಯೂ ಪುಟ ಬರದಿದ್ದರೆ ಬಹುಪಾಲು ಇದೇ ಕಾರಣ.

ಸೇವೆಗೆ ಕನ್ನಡದ ಹೆಸರು

ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಯಂತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಬೇಕಾಯಿತು. ಆದರೆ ಸೇವೆಯ ಹೆಸರಿಗೆ ಆ ಕಟ್ಟಿಲ್ಲ. ಆರ್‌ಎಫ್‌ಸಿ 6763 ಅದನ್ನು ಜನ ಓದುವ ಹೆಸರೆಂದೇ ಭಾವಿಸಿ ಯುಟಿಎಫ್-8ರಲ್ಲಿ (ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಪದ್ಧತಿ) ಯಾವ ಲಿಪಿಯಲ್ಲಿ ಬೇಕಾದರೂ, ಜಾಗ ಬಿಟ್ಟು ಬೇಕಾದರೂ ಬರೆಯಲು ಬಿಡುತ್ತದೆ.

ಮಿತಿ 63 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಇಲ್ಲಿ ವ್ಯಂಜನ ಒಂದು, ಸ್ವರಚಿಹ್ನೆ ಒಂದು, ಒತ್ತಕ್ಷರಕ್ಕೆ ಬಳಸುವ ಹಲಂತ ಇನ್ನೊಂದು ಎಂದು ಎಣಿಸಬೇಕು. ಅಂದರೆ "ಕ್ಷಿ" ಕಣ್ಣಿಗೆ ಒಂದೇ ಅಕ್ಷರ, ಲೆಕ್ಕಕ್ಕೆ ನಾಲ್ಕು ಸಂಕೇತ, 12 ಬೈಟ್. ಒಟ್ಟು 21 ಸಂಕೇತಗಳಷ್ಟೇ ಹಿಡಿಸುತ್ತವೆ. "ಸರ್ಕಾರಿ ಪ್ರೌಢಶಾಲೆಯ ಗಣಕ ಕೊಠಡಿ" ಎಂದು ಬರೆದರೆ 78 ಬೈಟ್, ಅವಾಹಿ ಒಪ್ಪುವುದಿಲ್ಲ. "ಶಿಕ್ಷಕರ ಕಡತ" ಎಂದರೆ 31, ಆರಾಮಾಗಿ ಹಿಡಿಸುತ್ತದೆ.

ಆ ಶಾಲೆಯಲ್ಲಿ ಮೇಷ್ಟ್ರುಗಳು ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ ಹಂಚಿಕೊಳ್ಳಲು ಪೈಯಲ್ಲೇ ಒಂದು ಫೋಲ್ಡರ್ ಇದೆ, ಎಸ್‌ಎಫ್‌ಟಿಪಿ (ದೂರದ ಯಂತ್ರಕ್ಕೆ ಭದ್ರವಾಗಿ ಸೇರಿಸುವ ಎಸ್‌ಎಸ್‌ಎಚ್ ಮೇಲೆಯೇ ಫೈಲ್ ಸಾಗಿಸುವ ವಿಧಾನ) ಮೂಲಕ ತೆರೆಯುವಂಥದ್ದು. ಪೈಯಲ್ಲಿ ಎಸ್‌ಎಸ್‌ಎಚ್ ಚಾಲೂ ಇದ್ದರೆ ಅದಕ್ಕೆ ಬೇರೇನೂ ಬೇಡ. ಅದನ್ನು ಸಾರಲು ಡೆಬಿಯನ್ ಕೊಡುವ ಮಾದರಿ ಫೈಲನ್ನೇ ನಕಲು ಮಾಡಿ. /ಯುಎಸ್‌ಆರ್/ಶೇರ್/ಡಾಕ್/ಅವಾಹಿ-ಡೀಮನ್/ಎಕ್ಸಾಂಪಲ್ಸ್ ಫೋಲ್ಡರಿನಲ್ಲಿ ಎಸ್‌ಎಫ್‌ಟಿಪಿ-ಎಸ್‌ಎಸ್‌ಎಚ್.ಸರ್ವಿಸ್ ಎಂಬುದಿದೆ. ಅದನ್ನು /ಇಟಿಸಿ/ಅವಾಹಿ/ಸರ್ವಿಸಸ್ ಫೋಲ್ಡರಿಗೆ ಹಾಕಿ ತೆರೆಯಿರಿ. ಮೇಲಿನ ಎರಡು ಘೋಷಣೆಯ ಸಾಲುಗಳನ್ನು ಮುಟ್ಟಬೇಡಿ. ಒಳಗಿರುವುದು ಹೀಗೆ ಕಾಣಬೇಕು:

<ಸರ್ವಿಸ್-ಗ್ರೂಪ್>
  <ನೇಮ್>ಶಿಕ್ಷಕರ ಕಡತ</ನೇಮ್>
  <ಸರ್ವಿಸ್>
    <ಟೈಪ್>_ಎಸ್‌ಎಫ್‌ಟಿಪಿ-ಎಸ್‌ಎಸ್‌ಎಚ್._ಟಿಸಿಪಿ</ಟೈಪ್>
    <ಪೋರ್ಟ್>22</ಪೋರ್ಟ್>
  </ಸರ್ವಿಸ್>
</ಸರ್ವಿಸ್-ಗ್ರೂಪ್>

ಟ್ಯಾಗ್‌ಗಳೂ ಟೈಪ್ ಸಾಲೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. "ಶಿಕ್ಷಕರ ಕಡತ" ಎಂಬುದೊಂದು ಮಾತ್ರ ನಿಜವಾಗಿಯೂ ಕನ್ನಡ ಲಿಪಿಯಲ್ಲಿ. ಟೈಪ್‌ನಲ್ಲಿ ಎರಡು ಕಡೆ ಬರುವ ಕೆಳಗೀಟು ತಪ್ಪಿಸಬೇಡಿ. ಈ ಫೋಲ್ಡರಿನ ಮೇಲೆ ಅವಾಹಿ ಸದಾ ಕಣ್ಣಿಟ್ಟಿರುತ್ತದೆ, ಫೈಲ್ ಉಳಿಸಿದ ಕೂಡಲೇ ಸಾರಲು ತೊಡಗುತ್ತದೆ. ಮತ್ತೆ ಶುರು ಮಾಡಬೇಕಿಲ್ಲ. ತಪ್ಪಿದ್ದರೆ "ಜರ್ನಲ್‌ಸಿಟಿಎಲ್ -ಯು ಅವಾಹಿ-ಡೀಮನ್" ಎಂದು ಲಾಗ್ ನೋಡಿ.

ಇದೇ ರೀತಿ ಕಿವಿಕ್ಸ್‌ಗೆ ಇನ್ನೊಂದು ಫೈಲ್: ಹೆಸರು "ಕನ್ನಡ ವಿಕಿಪೀಡಿಯ", ಟೈಪ್ _ಎಚ್‌ಟಿಟಿಪಿ._ಟಿಸಿಪಿ, ಪೋರ್ಟ್ 8080. ಸಾಮಾನ್ಯ ಬ್ರೌಸರ್‌ಗಳು ಇಂಥ ಪಟ್ಟಿ ತೋರಿಸುವುದಿಲ್ಲವಾದ್ದರಿಂದ ಇದರ ಉಪಯೋಗ ಸೇವೆ ಹುಡುಕುವ ಆ್ಯಪ್‌ಗಳಿಗಷ್ಟೇ. ಎಸ್‌ಎಫ್‌ಟಿಪಿ ಹಾಗಲ್ಲ. ಉಬುಂಟುವಿನ ಫೈಲ್ಸ್‌ನಲ್ಲಿ ನೆಟ್‌ವರ್ಕ್ ತೆರೆದರೆ "ಶಿಕ್ಷಕರ ಕಡತ" ಎಂದು ಕನ್ನಡದಲ್ಲೇ ಕಾಣುತ್ತದೆ. ಇಂಗ್ಲಿಷ್ ಫಲಕಗಳ ನಡುವೆ ಅದನ್ನು ಕಂಡು ಸಮಾಜ ವಿಜ್ಞಾನದ ಮೇಡಂ "ಇದು ನಮ್ದೇ ಅಲ್ವಾ!" ಎಂದು ಯಾರನ್ನೂ ಕೇಳದೆ ಕ್ಲಿಕ್ ಮಾಡಿದರು.

ಎಲ್ಲ ಸೇವೆಗಳನ್ನೂ ಒಟ್ಟಿಗೆ ನೋಡಲು:

ಅವಾಹಿ-ಬ್ರೌಸ್ -ಎಆರ್‌ಟಿ

ಎ ಎಂದರೆ ಎಲ್ಲ ಬಗೆ, ಆರ್ ಎಂದರೆ ವಿಳಾಸ ಸಮೇತ, ಟಿ ಎಂದರೆ ಪಟ್ಟಿ ಮುಗಿದ ಮೇಲೆ ನಿಲ್ಲು. ಸ್ಕ್ರಿಪ್ಟ್‌ಗೆಂದು ಪಿ ಸೇರಿಸಿದರೆ ಕನ್ನಡ ಹೆಸರು \224\178\182 ಎಂಬಂಥ ಸಂಖ್ಯೆಗಳಾಗಿ ಕಾಣುತ್ತದೆ. ಗಾಬರಿ ಬೇಡ. ಅದು "ಶ"ದ ಮೂರು ಬೈಟ್‌ಗಳು, ಹೆಸರು ಕೆಟ್ಟಿಲ್ಲ.

ಸಿಗದೇ ಹೋದಾಗ

ನಾನು ನೋಡಿದ ಮಟ್ಟಿಗೆ ಮೊದಲ ಅನುಮಾನ ವೈಫೈ ಮೇಲೆ. ರೂಟರಿನಲ್ಲಿ ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಎಂಬ ಆಯ್ಕೆ ಚಾಲೂ ಇದ್ದರೆ ಒಂದು ಫೋನಿನ ಕೂಗು ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. ಗೆಸ್ಟ್ ವೈಫೈಯಲ್ಲಿ ಇದು ಸಾಮಾನ್ಯವಾಗಿ ಚಾಲೂ ಇರುತ್ತದೆ. ಕೇಬಲ್‌ನಲ್ಲಿರುವ ಕಂಪ್ಯೂಟರಿಗೆ ಸಿಕ್ಕು ವೈಫೈಯಲ್ಲಿರುವುದಕ್ಕೆ ಸಿಗದಿದ್ದರೆ ನೇರ ಅಲ್ಲಿಗೇ ಹೋಗಿ.

ಎರಡನೆಯದು, ಒಂದೇ ಯಂತ್ರದಲ್ಲಿ ಇಬ್ಬರು ಕೂಗುವವರು. ಲಿನಕ್ಸ್‌ನಲ್ಲಿ ಹೆಸರು ಹುಡುಕಿಕೊಡುವ ಇನ್ನೊಂದು ಸೇವೆ ಸಿಸ್ಟಮ್‌ಡಿ-ರಿಸಾಲ್ವ್‌ಡ್‌ಗೂ ಮಲ್ಟಿಕಾಸ್ಟ್ ಡಿಎನ್‌ಎಸ್ ಬರುತ್ತದೆ. "ಸುಡೊ ಎಸ್‌ಎಸ್ -ಯುಎಲ್‌ಪಿಎನ್" ಎಂದು ನೋಡಿದಾಗ 5353ರ ಮುಂದೆ ಅವಾಹಿಯ ಜೊತೆ ಅದೂ ಇದ್ದರೆ, /ಇಟಿಸಿ/ಸಿಸ್ಟಮ್‌ಡಿ/ರಿಸಾಲ್ವ್‌ಡ್.ಕಾನ್ಫ್‌ನಲ್ಲಿ ಮಲ್ಟಿಕಾಸ್ಟ್‌ಡಿಎನ್‌ಎಸ್=ನೊ ಎಂದು (ಎಂ ಮತ್ತು ಡಿಎನ್‌ಎಸ್ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ) ಬರೆದು ಆ ಸೇವೆಯನ್ನು ಮತ್ತೆ ಶುರು ಮಾಡಿ.

ಪೈಯನ್ನು ಸರಿಯಾಗಿ ಆರಿಸಿದರೆ ಅವಾಹಿ ಹೋಗುವ ಮುನ್ನ ಎಲ್ಲರಿಗೂ ಹೇಳಿ ಹೋಗುತ್ತದೆ, ಪಟ್ಟಿಯಿಂದ ಹೆಸರು ಕೂಡಲೇ ಮಾಯ. ಕರೆಂಟ್ ಫಕ್ಕನೆ ಹೋದರೆ ಹೇಳಲು ಸಮಯವೆಲ್ಲಿ? ವಿಳಾಸದ ನೆನಪು ಬೇರೆ ಯಂತ್ರಗಳಲ್ಲಿ 120 ಸೆಕೆಂಡಿಗೆ ಅಳಿಯುತ್ತದೆ, ಸೇವೆಯ ಹೆಸರು 75 ನಿಮಿಷದವರೆಗೂ ಪಟ್ಟಿಯಲ್ಲಿ ಉಳಿಯಬಹುದು. ಹಾಗಾಗಿ ಯುಪಿಎಸ್ ಇಲ್ಲದ ಪೈ ಆರಿದ ಮೇಲೂ "ಶಿಕ್ಷಕರ ಕಡತ" ಕಾಣುತ್ತಿದ್ದರೆ ಅದು ದೋಷವಲ್ಲ, ಸ್ವಲ್ಪ ಕಾಯಿರಿ.

ಆಫೀಸು, ಕಂಪ್ಯೂಟರ್ ಕೊಠಡಿ ಎರಡು ಬೇರೆ ನೆಟ್‌ವರ್ಕ್ ಆಗಿದ್ದು ಒಂದು ಲಿನಕ್ಸ್ ಯಂತ್ರ ಎರಡರಲ್ಲೂ ಇದ್ದರೆ, ಅದರ ಅಲೌ-ಇಂಟರ್‌ಫೇಸಸ್ ಸಾಲಿನಲ್ಲಿ ಎರಡನ್ನೂ ಅಲ್ಪವಿರಾಮ ಹಾಕಿ ಬರೆದು, ರಿಫ್ಲೆಕ್ಟರ್ ಭಾಗದಲ್ಲಿ ಎನೇಬಲ್-ರಿಫ್ಲೆಕ್ಟರ್=ಯೆಸ್ ಮಾಡಿ. ಈ ಕಡೆಯ ಕೂಗನ್ನು ಅದು ಆ ಕಡೆಗೆ ಮುಟ್ಟಿಸುತ್ತದೆ. ಹೆಸರನ್ನು ಮಾತ್ರ ದಾಟಿಸುತ್ತದೆ ಎಂಬುದು ನೆನಪಿರಲಿ. ಪುಟ ತೆರೆಯಬೇಕಾದರೆ ಎರಡು ನೆಟ್‌ವರ್ಕ್‌ಗಳ ನಡುವೆ ರೂಟಿಂಗ್ ಬೇರೆಯಾಗಿ ಇರಬೇಕು. ರಿಫ್ಲೆಕ್ಟರ್ ಒಂದೇ ಇರಲಿ. ಎರಡು ಇಟ್ಟರೆ ಒಂದರ ಕೂಗನ್ನು ಇನ್ನೊಂದು ಹಿಂದಕ್ಕೆ ಕಳಿಸುತ್ತಾ ನೆಟ್‌ವರ್ಕ್ ತುಂಬಿಬಿಡುತ್ತವೆ.

ಎಲ್ಲಿ ಬೇಡ

ಈ ಪದ್ಧತಿ ನಡೆಯುವುದು ನಂಬಿಕೆಯ ಮೇಲೆ. "ಪುಸ್ತಕ ನಾನೇ" ಎಂದು ಯಾರು ಉತ್ತರಿಸಿದರೂ ಕೇಳಿದವರು ನಂಬುತ್ತಾರೆ, ಗುರುತಿನ ಪರೀಕ್ಷೆ ಇಲ್ಲ. ಹಾಗಾಗಿ ಫೋಲ್ಡರಿಗೆ ಒಳ್ಳೆಯ ಪಾಸ್‌ವರ್ಡ್ ಇರಲಿ. ಎಸ್‌ಎಸ್‌ಎಚ್‌ನ ಕೀಲಿ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಮೇಷ್ಟ್ರುಗಳು "ಯೆಸ್" ಒತ್ತದೆ ನಿಮ್ಮನ್ನು ಕೇಳಲಿ. ಇಂಟರ್ನೆಟ್ ಕಡೆಗೆ 5353ನ್ನು ಎಂದೂ ತೆರೆಯಬೇಡಿ. ಹೊರಗಿನವರು ಅದಕ್ಕೆ ಪ್ರಶ್ನೆ ಕಳಿಸಿ ಉತ್ತರಗಳನ್ನು ಇನ್ನೊಬ್ಬರ ಮೇಲೆ ಸುರಿಯುವ ದಾಳಿಗೆ ನಿಮ್ಮ ಯಂತ್ರವನ್ನು ಬಳಸಿಕೊಳ್ಳಬಹುದು.

ನಿಮ್ಮ ಸ್ವಂತ ಲ್ಯಾಪ್‌ಟಾಪನ್ನು ಬಸ್ ನಿಲ್ದಾಣದ, ಹೋಟೆಲಿನ ವೈಫೈಗೆ ಸೇರಿಸುವವರಾದರೆ ಅಲ್ಲಿ ನಿಮ್ಮ ಹೆಸರು ಸಾರುವುದು ಬೇಕಿಲ್ಲ. ಕಾನ್ಫಿಗರೇಶನ್ ಫೈಲಿನ ಪಬ್ಲಿಶ್ ಭಾಗದಲ್ಲಿ ಡಿಸೇಬಲ್-ಪಬ್ಲಿಶಿಂಗ್=ಯೆಸ್ ಎಂದು ಬರೆದರೆ ಲ್ಯಾಪ್‌ಟಾಪ್ ಇತರರನ್ನು ಹುಡುಕುತ್ತದೆ, ತನ್ನನ್ನು ಹೇಳಿಕೊಳ್ಳುವುದಿಲ್ಲ. ಪೂರ್ತಿ ನಿಲ್ಲಿಸುವುದಾದರೆ ಡೀಮನ್ ಒಂದನ್ನೇ ನಿಲ್ಲಿಸಿದರೆ ಸಾಲದು. ಅದರ ಜೊತೆಗಾರ ಸಾಕೆಟ್ ಉಳಿದಿದ್ದರೆ, ಯಾರಾದರೂ ಕೇಳಿದೊಡನೆ ಡೀಮನ್ನನ್ನು ಮತ್ತೆ ಎಬ್ಬಿಸುತ್ತದೆ. ಎರಡನ್ನೂ ಒಟ್ಟಿಗೆ ನಿಲ್ಲಿಸಿ:

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಅವಾಹಿ-ಡೀಮನ್.ಸಾಕೆಟ್ ಅವಾಹಿ-ಡೀಮನ್.ಸರ್ವಿಸ್